ನಕ್ಸೋಸ್ ಆಚೆಯ ಸಣ್ಣ ದ್ವೀಪಗಳು: ಮಂಗಳೂರಿನಿಂದ ಹೊರಡುವವರಿಗೆ

ಗ್ರೀಸ್ ಅಂದರೆ ನಮ್ಮ ಟ್ರಾವೆಲ್ ಏಜೆಂಟರಿಗೆ ಸಾಂತೊರಿನಿ, ಮಿಕೊನೋಸ್ ಅಷ್ಟೇ. ಅದೇ ಗ್ರೀಸಿನ ನಕ್ಸೋಸ್ ಮತ್ತು ಅಮೊರ್ಗೋಸ್ ಎಂಬ ದ್ವೀಪಗಳ ನಡುವೆ ಇರಾಕ್ಲಿಯಾ, ಸ್ಖಿನೂಸಾ, ಕೂಫೊನಿಸಿ, ದೊನೂಸಾ ಎಂಬ ಪುಟ್ಟ ದ್ವೀಪಗಳಿವೆ. ಯಾವುದರಲ್ಲೂ ವಿಮಾನ ನಿಲ್ದಾಣವಿಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು ಹಡಗಿನ ವೇಳಾಪಟ್ಟಿ, ಕೋಣೆ ಆಮೇಲೆ.

ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ ಮಲ್ಪೆಯ ದೋಣಿಗಳು ದಡ ಸೇರುವಾಗ ಅಲ್ಲಿ ಒಳ್ಳೆಯ ಕಾಲ. ಸೆಪ್ಟೆಂಬರ್ ಕೂಡ ಆಗಬಹುದು. ಜುಲೈ, ಆಗಸ್ಟ್‌ನಲ್ಲಿ ಮೆಲ್ತೆಮಿ ಎಂಬ ಉತ್ತರದ ಗಾಳಿ ಬೀಸುತ್ತದೆ. ಮೋಡವಿಲ್ಲದ ಆಕಾಶ, ಸುಡುವ ಬಿಸಿಲು, ಆದರೂ ಕಡಲು ಎದ್ದಿರುತ್ತದೆ. ಮಳೆಯಿಲ್ಲದೆ ಕಡಲು ಕೆಡುವುದನ್ನು ನಾವು ಅಷ್ಟಾಗಿ ನೋಡಿಲ್ಲ, ಹಾಗಾಗಿ ಮೋಸಹೋಗುತ್ತೇವೆ. ಗಾಳಿಯ ಬಲ ಅಳೆಯುವ ಬೊಫೋರ್ಟ್ ಮಾಪನದಲ್ಲಿ ಅದು 8 ಮುಟ್ಟಿದರೆ ದೊಡ್ಡ ಹಡಗುಗಳೂ ನಿಲ್ಲುತ್ತವೆ, ಸಣ್ಣವು ಅದಕ್ಕೂ ಮೊದಲೇ. ಆಗ ಹಡಗಿನ ಟಿಕೆಟ್ ದುಡ್ಡು ವಾಪಸ್ ಸಿಗುತ್ತದೆ, ತಪ್ಪಿದ ವಿಮಾನದ್ದು ಸಿಗುವುದಿಲ್ಲ. ಆದ್ದರಿಂದ ಕೊನೆಯ ರಾತ್ರಿ ಕಡ್ಡಾಯವಾಗಿ ಅಥೆನ್ಸ್‌ನಲ್ಲೇ.

ಗ್ರೀಸಿಗೆ ಬೇಕಾದ್ದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ. ಅದಕ್ಕೆ ದೊಡ್ಡವರಿಗೆ 90 ಯೂರೊ ಶುಲ್ಕ, ಕನಿಷ್ಠ 30,000 ಯೂರೊ ವಿಮೆ. ವಾಪಸ್ ಹೊರಡುವ ದಿನದಿಂದ ಮತ್ತೆ 3 ತಿಂಗಳಾದರೂ ಪಾಸ್‌ಪೋರ್ಟ್ ಅವಧಿ ಇರಬೇಕು, 2 ಪುಟ ಖಾಲಿ ಇರಬೇಕು. ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಬಹುದು. ರಜೆಯ ಸಮಯದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ.

ಬಜಪೆಯಿಂದ ದುಬೈಗೆ ಒಂದು ಟಿಕೆಟ್, ಅಲ್ಲಿಂದ ಅಥೆನ್ಸ್‌ಗೆ ಇನ್ನೊಂದು ಎಂದು ಬೇರೆಬೇರೆ ಕೊಂಡರೆ ಅಗ್ಗವೆನಿಸೀತು. ಆದರೆ ಲಗೇಜ್ ನೇರ ಹೋಗುವುದಿಲ್ಲ. ಅದನ್ನು ತೆಗೆದುಕೊಳ್ಳಲು ಇಮಿಗ್ರೇಶನ್ ದಾಟಬೇಕು, ದಾಟಲು ಯುಎಇ ವೀಸಾದ ವಿಚಾರ ಬರುತ್ತದೆ. ಬೆಂಗಳೂರು ಅಥವಾ ಮುಂಬೈಯಿಂದ ಒಂದೇ ಟಿಕೆಟ್ ಮಾಡಿಸುವುದೇ ವಾಸಿ.

ಅಥೆನ್ಸ್ ವಿಮಾನ ನಿಲ್ದಾಣದಿಂದ ಮೆಟ್ರೊ ಸುಮಾರು ಒಂದು ಗಂಟೆಯಲ್ಲಿ ನೇರ ಪಿರೇಯಸ್ ಬಂದರಿಗೆ ಮುಟ್ಟಿಸುತ್ತದೆ. ಬಂದರು ವಿಶಾಲ, ಹಡಗು ಯಾವ ಗೇಟಿನದು ಎಂದು ಮೊದಲೇ ನೋಡಿಕೊಂಡು ಒಂದು ಗಂಟೆ ಮುಂಚೆ ಅಲ್ಲಿರಿ. ನಕ್ಸೋಸ್‌ಗೆ ದೊಡ್ಡ ಹಡಗಿನಲ್ಲಿ ಐದು-ಐದೂವರೆ ಗಂಟೆ. ಅಲ್ಲಿಂದ ‘ಎಕ್ಸ್‌ಪ್ರೆಸ್ ಸ್ಕೋಪೆಲಿಟಿಸ್’ ಎಂಬ ಸಣ್ಣ ಹಡಗು ಒಂದೊಂದೇ ದ್ವೀಪ ಮುಟ್ಟುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ ಅಮೊರ್ಗೋಸ್‌ನಿಂದ ನಕ್ಸೋಸ್ ಕಡೆಗೆ, ಮಧ್ಯಾಹ್ನದ ಮೇಲೆ ವಾಪಸ್. ಭಾನುವಾರ ಇರುವುದಿಲ್ಲ ಎಂದೇ ಲೆಕ್ಕ ಹಾಕಿ. ಹತ್ತುವ ಅರ್ಧ ಗಂಟೆ ಮೊದಲು ವಾಂತಿ ಮಾತ್ರೆ ನುಂಗಿ, ಹಿಂಭಾಗದಲ್ಲಿ ಕೂರಿ. ಮುಂಭಾಗದಲ್ಲಿ ಕುಲುಕು ಜಾಸ್ತಿ.

ಮೊದಲು ದೂರದ ಕೂಫೊನಿಸಿಗೆ ಹೋಗಿ 3 ರಾತ್ರಿ, ಆಮೇಲೆ ಸ್ಖಿನೂಸಾ 2, ಇರಾಕ್ಲಿಯಾ 2, ಕೊನೆಗೆ ನಕ್ಸೋಸ್ 1. ಹೀಗೆ ಮಾಡಿದರೆ ದಿನ ಕಳೆದಂತೆ ದೊಡ್ಡ ಬಂದರಿಗೆ ಹತ್ತಿರವಾಗುತ್ತೀರಿ. ದೊನೂಸಾ ಒಂದು ಬದಿಗಿದೆ. ಇಷ್ಟು ದಿನದ ಪ್ರವಾಸದಲ್ಲಿ ಬಿಟ್ಟುಬಿಡಿ.

ಕೂಫೊನಿಸಿಯಲ್ಲಿ ಸ್ಕೂಟರ್ ಬೇಡ. ಫಿನಿಕಾಸ್, ಫಾನೋಸ್, ಇಟಾಲಿಡಾ ಬೀಚುಗಳನ್ನು ದಾಟಿ ಪೋರಿಯವರೆಗೂ ಕರಾವಳಿಯ ಗುಂಟ ನಡೆಯಬಹುದು. ದಾರಿಯಲ್ಲಿ ನೆರಳಿಲ್ಲ, ತಲಾ ಎರಡು ಲೀಟರ್ ನೀರು ಇರಲಿ. ನಲ್ಲಿ ನೀರು ಕುಡಿಯಬೇಡಿ. ಇರಾಕ್ಲಿಯಾದ ಸಂತ ಜಾನ್ ಗುಹೆಗೆ ತೆವಳಿ ಒಳಹೋಗಬೇಕು. ಟಾರ್ಚ್ ಮತ್ತು ಹಿಡಿತವಿರುವ ಶೂ ಬೇಕು, ಚಪ್ಪಲಿ ಸಾಲದು. ಎಟಿಎಂ ನಂಬಬೇಡಿ, ನಗದನ್ನು ನಕ್ಸೋಸ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಸ್ಖಿನೂಸಾದ ಫಾವಾ ಇದೆ, ಗಟ್ಟಿ ತೊವ್ವೆಗೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿದ ಹಾಗೆ. ಊರಿನಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಪೇಡಾ, ಮಾಂಸದ ಉಪ್ಪಿನಕಾಯಿ ಒಯ್ಯುವಂತಿಲ್ಲ. ಹಾಲು, ಮಾಂಸದ ಪದಾರ್ಥಗಳಿಗೆ ಐರೋಪ್ಯ ಒಕ್ಕೂಟದಲ್ಲಿ ತಡೆಯಿದೆ. ಒಣಮೀನಿಗೆ ಮಾತ್ರ ಅಡ್ಡಿಯಿಲ್ಲ, ತಲಾ 20 ಕಿಲೊವರೆಗೂ! ವಾಸನೆಗೆ ಪಕ್ಕದ ಪ್ರಯಾಣಿಕರು ಏನೆನ್ನುತ್ತಾರೋ ಬೇರೆ ಮಾತು.

ಕೂಫೊನಿಸಿ ಎದುರಿನ ಕೇರೋಸ್ ದ್ವೀಪದಲ್ಲಿ ಪುರಾತತ್ತ್ವ ನೆಲೆಯಿದೆ, ಇಳಿಯಲು ಬಿಡುವುದಿಲ್ಲ. ಅಲ್ಲಿ ಸಿಕ್ಕಿದ ಹಾರ್ಪ್ ಎಂಬ ತಂತಿವಾದ್ಯ ನುಡಿಸುವವನ, ಕೊಳಲುಗಾರನ ಅಮೃತಶಿಲೆಯ ಪುಟ್ಟ ಮೂರ್ತಿಗಳು ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿವೆ. ಗಾಳಿ ಕಾಟ ಕೊಡದಿದ್ದರೆ ಕೈಯಲ್ಲಿ ಉಳಿಯುವ ಕೊನೆಯ ದಿನವನ್ನು ಅದಕ್ಕೆ ಇಟ್ಟುಕೊಳ್ಳಿ.