ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ, ಹಾರಾಟದ ಹೊತ್ತು ಲೆಕ್ಕ ಹಾಕುವುದು ಹೇಗೆ?

ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಚಪ್ಪಟೆ ನಕ್ಷೆಯಲ್ಲಿ ಉತ್ತರದ ಭಾಗ ಹಿಗ್ಗಿರುತ್ತದೆ, ಲೆಕ್ಕ ತಪ್ಪುತ್ತದೆ. 30 ಸೆಂ.ಮೀ. ವ್ಯಾಸದ ಗ್ಲೋಬ್ ತಗೊಂಡು ಎರಡೂ ಊರುಗಳ ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ ಹತ್ತಿರದ ದಾರಿ ಹಿಡಿಯುತ್ತದೆ. ಅದರ ಉದ್ದ ಸುಮಾರು 33 ಸೆಂ.ಮೀ. ಒಂದು ಸೆಂ.ಮೀ.ಗೆ 425 ಕಿ.ಮೀ.ಯಂತೆ ಹತ್ತಿರ ಹತ್ತಿರ 14,000 ಕಿ.ಮೀ.

ಇದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಏರಲು, ಇಳಿಯಲು ಇನ್ನರ್ಧ ಗಂಟೆ ಸೇರಿಸಿ. ಪೆಸಿಫಿಕ್ ಸಾಗರದ ಮೇಲಿನ ಜೆಟ್ ಗಾಳಿ (ಬಹಳ ಎತ್ತರದಲ್ಲಿ ರಭಸವಾಗಿ ಬೀಸುವ ಗಾಳಿ) ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗ ಬೆನ್ನಿಗೆ ಗಾಳಿ; ಅದೇ ದಾರಿಯಲ್ಲಿ ವಾಪಸ್ ಬಂದರೆ ಎದುರುಗಾಳಿ, ಒಂದೂವರೆ ಗಂಟೆ ಹೆಚ್ಚೇ ಹಿಡಿಯಿರಿ.

ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಉಳಿದ ದಿನ ಹದಿಮೂರೂವರೆ. ಜುಲೈನಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟರೆ ಆಗ ಅಲ್ಲಿ ಅದೇ ದಿನ ನಸುಕಿನ 1:30. ಹದಿನಾರು ಗಂಟೆ ಕೂಡಿಸಿ: ಅದೇ ದಿನ ಸಂಜೆ 5:30ಕ್ಕೆ ಇಳಿಯುತ್ತೀರಿ. ಅಲ್ಲಿಂದ ಸೋಮವಾರ ರಾತ್ರಿ 9ಕ್ಕೆ ಹೊರಟರೆ ಬೆಂಗಳೂರು ಸೇರುವುದು ಬುಧವಾರ ಬೆಳಗಿನ ಜಾವ. ವಿಮಾನ ನಿಲ್ದಾಣಕ್ಕೆ ಕರೆಯಲು ಬರುವವರಿಗೆ ವಾರವನ್ನೂ ತಾರೀಖನ್ನೂ ಬರೆದೇ ಕಳಿಸಿ.