ಒಂದು ಔನ್ಸಿನ ಚಿನ್ನದ ನಾಣ್ಯವನ್ನು ನಾನು ಮನೆಯಲ್ಲೇ ಪರೀಕ್ಷಿಸಿದ ಬಗೆ

ಪರಿಚಿತರೊಬ್ಬರು ತಮ್ಮಲ್ಲಿದ್ದ ಒಂದು ಔನ್ಸಿನ ಕ್ರೂಗರ್‌ರಾಂಡ್ ನಾಣ್ಯವನ್ನು ನನಗೆ ಮಾರಲು ಒಪ್ಪಿ, ಹಣ ಕೊಡುವ ಮೊದಲು ಒಂದು ದಿನ ಅದನ್ನು ನನ್ನ ಬಳಿಯೇ ಬಿಟ್ಟಿದ್ದರು. ಒರೆಗಲ್ಲಿಗೆ ಉಜ್ಜುವುದಾಗಲಿ ಆಮ್ಲದ ಹನಿ ಬಿಡುವುದಾಗಲಿ ನನಗೆ ಬೇಕಿರಲಿಲ್ಲ. ಎರಡೂ ನಾಣ್ಯದ ಮೈಯನ್ನು ಕೆಡಿಸುತ್ತವೆ. ಸಾಲದ್ದಕ್ಕೆ, ಹೊರಪದರ ಚಿನ್ನವೇ ಎಂದು ತಿಳಿಸುತ್ತವೆಯೇ ಹೊರತು ಹೊಟ್ಟೆಯೊಳಗೆ ಏನಿದೆಯೆಂದು ತಿಳಿಸುವುದಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ 1967ರಿಂದ ಟಂಕಿಸುತ್ತ ಬಂದಿರುವ ಈ ನಾಣ್ಯ ಅಪರಂಜಿಯದಲ್ಲ, 22 ಕ್ಯಾರಟ್‌ನದು. ಅದರಲ್ಲಿ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ಚೊಕ್ಕ ಚಿನ್ನ ಇರಬೇಕಾದ್ದರಿಂದ, ತಾಮ್ರವೂ ಸೇರಿ ಒಟ್ಟು ತೂಕ 33.93 ಗ್ರಾಂ ಆಗುತ್ತದೆ. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ನನ್ನ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ 33.94 ಬಂತು. ವರ್ನಿಯರ್ ಕ್ಯಾಲಿಪರ್‌ನಲ್ಲಿ ವ್ಯಾಸ 32.7 ಮಿಲಿಮೀಟರ್, ಅಂಚಿನ ದಪ್ಪ 2.8 ಮಿಲಿಮೀಟರ್ ಇತ್ತು. ಹೆಚ್ಚಿನವರು ತೂಕ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ, ಆದರೆ ನನ್ನ ಮಟ್ಟಿಗೆ ಕಳ್ಳ ಸಿಕ್ಕಿಬೀಳುವುದು ದಪ್ಪದಲ್ಲಿ: ಇದೇ ತೂಕ, ಇದೇ ವ್ಯಾಸ ಬರುವಂತೆ ಸೀಸದಲ್ಲಿ ಮಾಡಿ ಚಿನ್ನದ ನೀರು ಕೊಟ್ಟರೆ ನಾಣ್ಯ ಸುಮಾರು ಒಂದೂವರೆ ಪಟ್ಟು ದಪ್ಪವಾಗುತ್ತದೆ.

ಉಬ್ಬುಚಿತ್ರ ಇರುವ ನಾಣ್ಯದ ಗಾತ್ರವನ್ನು ಕ್ಯಾಲಿಪರ್‌ನಿಂದ ಸರಿಯಾಗಿ ಲೆಕ್ಕ ಹಾಕಲು ಬರುವುದಿಲ್ಲವಾದ್ದರಿಂದ ನೀರಿನ ಪರೀಕ್ಷೆಯನ್ನೂ ಮಾಡಿದೆ. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ತೆಳ್ಳನೆಯ ದಾರದಲ್ಲಿ ಕಟ್ಟಿದ ನಾಣ್ಯವನ್ನು ಲೋಟದ ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದೆ. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕವನ್ನು. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಚಿನ್ನ ಮತ್ತು ತಾಮ್ರದ ಈ ಮಿಶ್ರಣಕ್ಕೆ ಅದು ಸುಮಾರು 17.5 ಇರಬೇಕು. ನನಗೆ ಬಂದ ಅಂಕಿ 2.03, ಅಂದರೆ ಸಾಂದ್ರತೆ 16.7. ಎದೆ ಧಸಕ್ಕೆಂದಿತು. ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಆಮೇಲೆ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಅಂಚಿನ ಸಣ್ಣ ಗೀರುಗಳ ನಡುವೆ ಗಾಳಿಯ ಗುಳ್ಳೆಗಳು ಮಣಿ ಪೋಣಿಸಿದಂತೆ ಸಾಲಾಗಿ ಕುಳಿತಿದ್ದವು! ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸೇರಿಸಿ, ನಾಣ್ಯವನ್ನು ಮೆಲ್ಲಗೆ ಅಲುಗಾಡಿಸಿ ಗುಳ್ಳೆಗಳನ್ನು ಬಿಡಿಸಿದ ಮೇಲೆ ಅಂಕಿ 1.94ಕ್ಕೆ ಇಳಿಯಿತು. ಭಾಗಿಸಿದರೆ 17.49.

ಉಳಿದದ್ದು ಟಂಗ್‌ಸ್ಟನ್‌ನ ಅನುಮಾನ. ಅದರ ಸಾಂದ್ರತೆ 19.25, ಅಪರಂಜಿಯದು 19.32, ಹೀಗಾಗಿ ಚೊಕ್ಕ ಚಿನ್ನದ ನಾಣ್ಯದೊಳಗೆ ಟಂಗ್‌ಸ್ಟನ್ ಬಿಲ್ಲೆ ಅಡಗಿಸಿಟ್ಟರೆ ಮನೆಯ ತಕ್ಕಡಿಗೆ ಅದು ಗೊತ್ತಾಗುವುದಿಲ್ಲ. 22 ಕ್ಯಾರಟ್ ನಾಣ್ಯದಲ್ಲಿ ಮೋಸಗಾರನಿಗೆ ಕೆಲಸ ಇನ್ನಷ್ಟು ಕಷ್ಟ, ಏಕೆಂದರೆ ಟಂಗ್‌ಸ್ಟನ್ ಈ ಮಿಶ್ರಣಕ್ಕಿಂತ ಭಾರವಾದದ್ದು, ಅದರ ಜೊತೆ ಹಗುರವಾದ ಲೋಹವನ್ನೂ ಅಳೆದು ತುಂಬಬೇಕಾಗುತ್ತದೆ. ಆದರೂ ಒಳಗೆ ಬೇರೆ ಲೋಹವಿದ್ದರೆ ದನಿ ಬೇರೆಯಾಗುತ್ತದೆ, ಅದನ್ನೊಮ್ಮೆ ಕೇಳಿಬಿಡೋಣವೆಂದು, ಮೊದಲೇ ನನ್ನಲ್ಲಿದ್ದ, ಅಸಲಿಯೆಂದು ಖಾತ್ರಿಯಿರುವ ಇನ್ನೊಂದು ಕ್ರೂಗರ್‌ರಾಂಡನ್ನು ಹೊರತೆಗೆದೆ. ಒಂದೊಂದನ್ನೂ ಬೆರಳ ತುದಿಯಲ್ಲಿ ಸಮತೋಲವಾಗಿ ಇರಿಸಿ ಅಂಚಿಗೆ ಪೆನ್ಸಿಲಿನಿಂದ ತಟ್ಟಿ, ಫೋನಿನಲ್ಲಿ ಧ್ವನಿಮುದ್ರಿಸಿಕೊಂಡೆ. ಮೇಜಿನ ಮೇಲೆ ಬೀಳಿಸಿ ಕೇಳುವ ಅಭ್ಯಾಸ ನನಗೆ ಹಿಡಿಸದು, ಅಂಚು ಜಜ್ಜಿಹೋಗುತ್ತದೆ. ಎರಡೂ ಒಂದೇ ಸ್ಥಾಯಿಯಲ್ಲಿ ಬಹಳ ಹೊತ್ತು ಅನುರಣಿಸಿದವು, ಧ್ವನಿ ವಿಶ್ಲೇಷಿಸುವ ಆ್ಯಪ್‌ನಲ್ಲೂ ಶಿಖರಗಳು ಒಂದರ ಮೇಲೊಂದು ಕುಳಿತವು.

ಅಯಸ್ಕಾಂತವನ್ನೂ ಹಿಡಿದು ನೋಡಿದೆ, ಅಂಟಲಿಲ್ಲ. ಅದರಿಂದ ಒಳಗೆ ಕಬ್ಬಿಣವಿಲ್ಲವೆಂದು ತಿಳಿಯಿತೇ ಹೊರತು ಬೇರೇನೂ ಇಲ್ಲ, ಸೀಸ ಮತ್ತು ತಾಮ್ರವೂ ಅಂಟುವುದಿಲ್ಲವಲ್ಲ.

ಕೊನೆಗೆ ನಾಣ್ಯವನ್ನು ಶುದ್ಧ ನೀರಿನಲ್ಲಿ ಅದ್ದಿ ತೆಗೆದು, ಉಜ್ಜದೆ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಿದೆ. ಮರುದಿನ ಬೆಳಿಗ್ಗೆ ಅವರಿಗೆ ಹಣ ಕೊಟ್ಟೆ.