ನೆತ್ತಿಗೆ ಹತ್ತಿದ್ದಲ್ಲ

ಊಟದ ನಡುವೆ ಯಾರಾದರೂ ಕೆಮ್ಮಿದರೆ ನಾವು ನೆತ್ತಿ ತಟ್ಟುತ್ತೇವೆ, ನೀರು ಕೊಡುತ್ತೇವೆ, ‘ಯಾರೋ ನೆನೆಸಿಕೊಳ್ಳುತ್ತಿದ್ದಾರೆ’ ಎನ್ನುತ್ತೇವೆ. ಸರಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನಾನೂ ಅದನ್ನೇ ಮಾಡುತ್ತಾ ಬಂದವನು. ಬಿಸಿಯೂಟಕ್ಕೆ ಮೊಟ್ಟೆ ಕೊಡುವ ದಿನವೊಂದರಲ್ಲಿ ಐದನೆಯ ತರಗತಿಯ ಹುಡುಗನೊಬ್ಬ ಗೆಳೆಯನೊಂದಿಗೆ ಬಾಜಿ ಕಟ್ಟಿ ಇಡೀ ಮೊಟ್ಟೆಯನ್ನು ಒಂದೇ ತುತ್ತಿಗೆ ಬಾಯಿಗೆ ತುರುಕಿಕೊಂಡ.

ಸದ್ದೇ ಇರಲಿಲ್ಲ. ಮೊಟ್ಟೆ ಬೇಡವೆಂದವರ ಸಾಲಿನಲ್ಲಿ ಚಿಕ್ಕಿ ತಿನ್ನುತ್ತಾ ಖೊಕ್ ಖೊಕ್ ಎಂದು ಕೆಮ್ಮುತ್ತಿದ್ದ ಹುಡುಗಿಯ ಕಡೆಗೆ ನಾನು ಹೊರಟಿದ್ದೆ. ಜೋರಾಗಿ ಕೆಮ್ಮುವವರಿಗೆ ಉಸಿರು ಓಡಾಡುತ್ತಿರುತ್ತದೆ. ಕೆಮ್ಮಲು ಬಿಟ್ಟರೆ ಸಾಕು. ಈ ಹುಡುಗನಾದರೋ ಎದ್ದು ನಿಂತು ಎರಡೂ ಕೈಗಳಿಂದ ಕತ್ತು ಹಿಡಿದುಕೊಂಡಿದ್ದ. ‘ಗಂಟಲಲ್ಲಿ ಸಿಕ್ಕಿಕೊಂಡಿತೇನೋ?’ ಎಂದೆ. ತಲೆಯಾಡಿಸಿದ, ದನಿ ಹೊರಡಲಿಲ್ಲ.

ಅಡುಗೆಯಕ್ಕ ನೀರಿನ ಲೋಟ ಹಿಡಿದು ಓಡಿಬಂದರು, ಬೇಡವೆಂದೆ. ಬಾಯಿಗೆ ಬೆರಳು ಹಾಕಲು ಹೋದರು, ಅದನ್ನೂ ತಡೆದೆ. ಕಣ್ಣಿಗೆ ಕಾಣದ ತುಂಡನ್ನು ಬೆರಳಿನಿಂದ ತಡಕಿದರೆ ಅದು ಇನ್ನಷ್ಟು ಒಳಗೆ ಸರಿಯಬಹುದು. 108ಕ್ಕೆ ಫೋನ್ ಮಾಡುವಂತೆ ಸಹೋದ್ಯೋಗಿಗೆ ಕೂಗಿ ಹೇಳಿ, ಹುಡುಗನ ಹಿಂದೆ ಮಂಡಿಯೂರಿದೆ. ಅವನ ಎತ್ತರಕ್ಕೆ ನಾನು ಇಳಿಯದಿದ್ದರೆ ಕೈ ಸರಿಯಾದ ಜಾಗಕ್ಕೆ ಬರುವುದಿಲ್ಲ. ಎದೆಗೆ ಒಂದು ಕೈ ಆಸರೆ ಕೊಟ್ಟು ಚೆನ್ನಾಗಿ ಮುಂದಕ್ಕೆ ಬಾಗಿಸಿ, ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಏಟು ಕೊಟ್ಟೆ. ಮೊದಲ ಎರಡಕ್ಕೆ ಕೈ ಅಳುಕಿತು. ಮಕ್ಕಳನ್ನು ಹೊಡೆಯಬಾರದು ಎಂಬುದು ಅದಕ್ಕೆ ಅಷ್ಟು ರೂಢಿ. ತುಂಡು ಬರಲಿಲ್ಲ. ಹೊಕ್ಕುಳಿನ ತುಸು ಮೇಲೆ, ಎದೆಮೂಳೆಗಿಂತ ಕೆಳಗೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು ಒಳಕ್ಕೂ ಮೇಲಕ್ಕೂ ಸರಕ್ಕನೆ ಎಳೆದೆ. ಐದು ಎಳೆತಕ್ಕೂ ಬಾರದಿದ್ದರೆ ಮತ್ತೆ ಬೆನ್ನಿಗೆ ಐದು. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಎದೆ ಒತ್ತುವುದು. ಅಷ್ಟು ದೂರ ಹೋಗಬೇಕಾಗಲಿಲ್ಲ. ಮೂರನೆಯ ಎಳೆತಕ್ಕೆ ಮೊಟ್ಟೆ ತಟ್ಟೆಯಾಚೆ ಬಿತ್ತು. ಹುಡುಗ ಹೋ ಎಂದು ಅತ್ತ. ಅಳುವನ್ನು ಕೇಳಿ ಅಷ್ಟು ಹಿಗ್ಗಿದ್ದು ನನ್ನ ಸೇವಾವಧಿಯಲ್ಲಿ ಅದೊಂದೇ ಸಲ.

ಹೊಟ್ಟೆ ಎಳೆಯುವ ಈ ಕ್ರಮವನ್ನು 1974ರಲ್ಲಿ ಮುಂದಿಟ್ಟ ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್‌ಗೆ ಬೆನ್ನಿನ ಏಟೆಂದರೆ ಆಗುತ್ತಿರಲಿಲ್ಲ. ನಮ್ಮ ತರಬೇತಿಯಲ್ಲಿ ಎರಡನ್ನೂ ಕಲಿಸಿದ್ದರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ 2025ರ ಮಾರ್ಗಸೂಚಿಯಲ್ಲಿ ಬೆನ್ನಿನ ಏಟಿನಿಂದಲೇ ಆರಂಭಿಸಲು ಹೇಳಿದೆ.

ಹೊಟ್ಟೆಗೆ ಬಿದ್ದ ಒತ್ತಡದಿಂದ ಒಳಗೆ ಪೆಟ್ಟಾಗಿರಬಹುದೆಂದು ಹುಡುಗನನ್ನು ವೈದ್ಯರಿಗೆ ತೋರಿಸಿದೆವು. ಸಂಜೆ ಬಂದ ಅವನ ತಾಯಿ ಕಂಕುಳಿನ ಕೂಸನ್ನು ತೋರಿಸಿ, ‘ಇದಕ್ಕೆ ಹೀಗಾದರೆ ಏನು ಮಾಡುವುದು ಸರ್?’ ಎಂದರು. ವರ್ಷ ತುಂಬದ ಕೂಸಿನ ಹೊಟ್ಟೆ ಒತ್ತಲೇಬಾರದು. ಮುಂಗೈ ಮೇಲೆ ತಲೆ ತಗ್ಗಾಗುವಂತೆ ಬೋರಲು ಮಲಗಿಸಿ ಬೆನ್ನಿಗೆ ಐದು ಏಟು, ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ಬಟ್ಟೆಯ ಗಂಟೊಂದನ್ನು ಕೂಸು ಮಾಡಿಕೊಂಡು ತೋರಿಸಿದೆ. ಅವರಿಂದಲೂ ಎರಡು ಬಾರಿ ಮಾಡಿಸಿದೆ.

ಅಡುಗೆಯಕ್ಕ ಈಗ ಚಿಕ್ಕ ಮಕ್ಕಳ ಮೊಟ್ಟೆಯನ್ನು ದಾರದಿಂದ ನಾಲ್ಕು ಹೋಳು ಮಾಡಿಯೇ ಬಡಿಸುತ್ತಾರೆ. ‘ನಮಗೆ ಇಡೀ ಮೊಟ್ಟೆ ಯಾಕಿಲ್ಲ ಸರ್?’ ಎಂಬ ದೂರು ಮಾತ್ರ ವಾರವಾರವೂ ನನ್ನ ಬಳಿಗೇ ಬರುತ್ತದೆ.